ಕೆಂಪು ಕಾರಿನ ಮುಂಗಾಲು, ಒಂದು ಚೊಂಬು ಮೊಸರು

ಬಿಚ್ಚುವುದು ಸುಲಭ, ಜೋಡಿಸುವುದು ಕಷ್ಟ. ಸಾಮ್ರಾಜ್ಯಗಳಿಗೂ ಸಂಸಾರಗಳಿಗೂ ಸಮನಾಗಿ ಅನ್ವಯಿಸುವ ಈ ಸತ್ಯವನ್ನು ಹಿಂದಿನವರು ಕಾಡಿನಲ್ಲಿ ಕೂತು, ಅನ್ನಾಹಾರ ಬಿಟ್ಟು, ಬಹಳ ವರ್ಷ ಯೋಚಿಸಿ ಕಂಡುಕೊಂಡಿರಬೇಕು. ನಾನು ಕಂಡುಕೊಂಡದ್ದು ಕಡೂರಿನ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಆರು ಇಡ್ಲಿ ತಿಂದು, ಕಾರಿನ ಕೆಳಗೆ ಅಂಗಾತ ಮಲಗಿ, ಕೈಯಲ್ಲೊಂದು ನಟ್ಟು ಹಿಡಿದುಕೊಂಡು, ಅದು ಎಲ್ಲಿಂದ ಬಂತೆಂಬುದು ಎಷ್ಟು ಯೋಚಿಸಿದರೂ ನೆನಪಾಗದೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಸನ್ನೆ, ರಾಟೆ, ಸ್ಪ್ರಿಂಗು ಇವುಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದು, ಪಕ್ಕದಲ್ಲಿ ಬಾಣದ ಗುರುತು ಹಾಕಿ, ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿ ಸಂಬಳ ತಗೊಂಡವನು. ಬೋರ್ಡಿನ ಮೇಲಿನ ಸ್ಪ್ರಿಂಗು ಬಹಳ ವಿನಯವಂತ. ಎಳೆದಷ್ಟು ಉದ್ದವಾಗುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ, ಬೆಲ್ಲು ಹೊಡೆದರೆ ಡಸ್ಟರಿಗೆ ತಲೆಬಾಗಿ ಅಳಿಸಿಹೋಗುತ್ತದೆ. ಇಂಥ ಸಜ್ಜನರ ಸಹವಾಸದಲ್ಲೇ ಆಯಸ್ಸು ಕಳೆದ ನನಗೆ ಲೋಕದಲ್ಲಿ ಬೇರೆ ಸ್ವಭಾವದ ಸ್ಪ್ರಿಂಗುಗಳೂ ಇರುತ್ತವೆಂಬ ಕಲ್ಪನೆಯೇ ಇರಲಿಲ್ಲ. ನಿವೃತ್ತರಾದ ಮೇಲೆ ನನ್ನ ಓರಗೆಯವರಲ್ಲಿ ಒಬ್ಬರು ಕಾಶಿಗೆ ಹೋಗಿಬಂದರು, ಒಬ್ಬರು ಮಂಡಿ ಬದಲಾಯಿಸಿಕೊಂಡರು, ಇನ್ನೊಬ್ಬರು ಮಠದ ದಾಸೋಹದಲ್ಲಿ ಸಾರು ಬಡಿಸಲು ನಿಂತರು. ನಾನು ತರೀಕೆರೆಗೆ ಹೋಗಿ ಒಂದು ಸ್ಪೋರ್ಟ್ಸ್ ಕಾರು ತಂದೆ.

ಓದುಗರು ಗಾಬರಿಯಾಗಬೇಕಾಗಿಲ್ಲ. ಎಲ್ಲರ ಪರವಾಗಿ ನಮ್ಮಾಕೆ ಆಗಲೇ ಗಾಬರಿಯಾಗಿ ಮುಗಿಸಿದ್ದಾಳೆ. ಕೆಂಪು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಿ ಹಿಂದಕ್ಕೆ ಹಾಕುವಂಥ ಕಾರು ಅದು. ವಯಸ್ಸು ಇಪ್ಪತ್ತು ದಾಟಿತ್ತು. ಅದರಲ್ಲಿ ಕೂತರೆ ನೆಲದಿಂದ ಒಂದು ಗೇಣು ಮೇಲಿರುತ್ತೇವೆ. ಪಕ್ಕದಲ್ಲಿ ಹೋಗುವ ಕುರಿ ನಮ್ಮನ್ನು ಬಗ್ಗಿ ನೋಡುತ್ತದೆ. ತರೀಕೆರೆಯ ಫೋಟೋಗ್ರಾಫರ್ ಒಬ್ಬ ಅದನ್ನು ಮದುವೆಗೆ ಮುಂಚಿನ ಫೋಟೋ ತೆಗೆಯಲು ಇಟ್ಟುಕೊಂಡಿದ್ದ. ಅಮೃತಾಪುರದ ಹಳೇ ದೇವಸ್ಥಾನದ ಕಡೆ ಹೋಗುವ ದಾರಿಯಲ್ಲಿ ಅದನ್ನು ನಿಲ್ಲಿಸಿ, ಗಂಡುಹೆಣ್ಣನ್ನು ಬಾನೆಟ್ಟಿನ ಮೇಲೆ ಹತ್ತಿಸಿ, “ಇನ್ನೊಂದ್ಸಲ ಕುಪ್ಪಳಿಸಿ ನಗಿ” ಎಂದು ಹೇಳುವುದು ಅವನ ವೃತ್ತಿ. ಮಾರುವಾಗ ಅವನು ನನ್ನ ಕೈಹಿಡಿದು, “ಸಾರ್, ಈ ಗಾಡಿ ಮೇಲೆ ಕೂತ ಜೋಡಿ ಇವತ್ತಿನವರೆಗೂ ಒಂದೂ ಮುರಿದಿಲ್ಲ” ಎಂದ. ಅದು ಸತ್ಯವೇ ಇರಬೇಕು. ಮುರಿದದ್ದನ್ನೆಲ್ಲ ಕಾರು ತನ್ನ ಮುಂಗಾಲಿಗೆ ತಗೊಂಡಿತ್ತು.

ಇದು ತಿಳಿದದ್ದು ಮೊಸರಿನಿಂದ. ನಮ್ಮಾಕೆ ಮಂಗಳಾಳ ತವರು ಅಜ್ಜಂಪುರ. ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಯಿತು, ಆದರೆ ತಾಯಿಯ ಮೊಸರು ಇನ್ನೂ ನಮ್ಮ ಅಡುಗೆಮನೆಯಲ್ಲಿ ಜೀವಂತವಾಗಿದೆ. ಮದುವೆಯಾಗಿ ಬರುವಾಗ ತಂದ ಹೆಪ್ಪನ್ನು ಅವಳು ಒಂದು ದಿನವೂ ತಪ್ಪಿಸದೆ, ಇವತ್ತಿನ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ನಾಳೆಯ ಹಾಲಿಗೆ ಹಾಕುತ್ತಾ ಸಾಗಿಸಿಕೊಂಡು ಬಂದಿದ್ದಾಳೆ. ಅಜ್ಜಂಪುರದಲ್ಲೇ ಇರುವ ಅವಳ ತಂಗಿ ಗೌರಮ್ಮನ ಮನೆಯ ಹೆಪ್ಪು ಅವರೆಲ್ಲ ಎಲ್ಲಿಗೋ ಹೋಗಿಬರುವಷ್ಟರಲ್ಲಿ ಕೆಟ್ಟುಹೋಗಿ, ಅವರು ಪ್ಯಾಕೆಟ್ಟಿನ ಮೊಸರಿಗೆ ಇಳಿದಿದ್ದರು. ಈ ಅವನತಿಯನ್ನು ಸರಿಪಡಿಸಲು ಮಂಗಳಾ ಒಂದು ಚೊಂಬು ಮೊಸರು ತುಂಬಿ, ಮೇಲೊಂದು ಬಾಳೆಎಲೆಯ ತುಂಡು ಮುಚ್ಚಿ, ಮೊಟ್ಟಮೊದಲ ಸಲ ನನ್ನ ಕಾರಿನಲ್ಲಿ ಕೂತಳು. ಬೀರೂರು ದಾಟಿ ಅಜ್ಜಂಪುರದ ರಸ್ತೆಗೆ ತಿರುಗಿದೆವು. ಅಲ್ಲೊಂದು ಹಂಪು. ಕಾರು ಏರಿತು, ಇಳಿಯಿತು, ಮತ್ತೆ ತಾನಾಗಿಯೇ ಏರಿತು, ಮತ್ತೆ ಇಳಿಯಿತು. ಮೂರನೆಯ ಸಲ ಏರಿದಾಗ ಮೊಸರು ನಮ್ಮ ಸಹವಾಸ ಬಿಟ್ಟು ಒಬ್ಬಂಟಿಯಾಗಿ ಮೇಲಕ್ಕೆ ಹೋಯಿತು. ಮೇಲೆ ಹೊದಿಕೆ ಬೇರೆ ಇರಲಿಲ್ಲ. ಚಲಿಸುವ ವಾಹನದಿಂದ ನೇರ ಮೇಲಕ್ಕೆ ಎಸೆದ ವಸ್ತು ಮರಳಿ ಅದೇ ವಾಹನದೊಳಗೇ ಬೀಳುತ್ತದೆ ಎಂದು ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೆ. ಅದು ನಿಜವೆಂದು ಅವತ್ತು ನನ್ನ ಬೋಳುತಲೆಗೆ ಸಂದೇಹಕ್ಕೆಡೆಯಿಲ್ಲದಂತೆ ತಿಳಿಯಿತು.

ಮಂಗಳಾ ಸೆರಗಿನಲ್ಲಿ ಮುಖ ಒರೆಸಿಕೊಂಡು, ಖಾಲಿ ಚೊಂಬನ್ನು ಒಂದು ಸಲ ನೋಡಿದಳು. ಅವಳು ಕೂಗಾಡಿದ್ದರೆ ನನಗೆ ಅಭ್ಯಾಸವಿದೆ. ಮೆತ್ತಗೆ ಮಾತಾಡಿದಳು, ಅದಕ್ಕೇ ನಾನು ದಂಗಾದೆ.

“ಇಷ್ಟ್ ವರ್ಷ ಬಸ್ಸಲ್ಲಿ ತಗೊಂಡ್ಹೋಗಿದೀನಿ, ಒಂದ್ ಹನಿ ಚೆಲ್ಲಿಲ್ಲ ಕಣ್ರೀ. ಮುಂದಿನ ತಿಂಗಳು ಗೌರಿ ಹೊಸ ಮನೆ ಗೃಹಪ್ರವೇಶ. ಅವತ್ತು ಉಕ್ಕಿಸಿದ ಹಾಲಿಗೆ ನಮ್ಮವ್ವನ ಹೆಪ್ಪೇ ಬೀಳ್ಬೇಕು. ಈ ಗಾಡೀಲಿ ಒಂದು ಚೊಂಬು ಮೊಸರು ಚೆಲ್ಲದಂಗೆ ಅಜ್ಜಂಪುರ ಮುಟ್ಟುದ್ರೆ, ಗಾಡಿ ಇರ್ಲಿ. ಚೆಲ್ತೋ, ಅದ್ರ ಮಾರನೇ ದಿನ ಆ ಫೋಟೋದವನು ಬಂದು ತಗೊಂಡ್ಹೋಗ್ಲಿ.”

ಫೋಟೋದವನು ಅದಕ್ಕೇ ಕಾಯುತ್ತಿದ್ದ. ವಾರಕ್ಕೊಮ್ಮೆ ಫೋನು ಮಾಡಿ, “ಸಾರ್, ಅದು ನಿಂತ್ಕೊಳ್ಳೋಕೆ ಹೇಳಿಮಾಡ್ಸಿದ ಗಾಡಿ. ಅದನ್ನ ಯಾಕ್ ಓಡಿಸ್ತೀರಾ? ಪಾಪ” ಎನ್ನುತ್ತಿದ್ದ. ನನ್ನ ಕಾರು ಮತ್ತೆ ಅಮೃತಾಪುರದ ದಾರಿಯಲ್ಲಿ ನಿಂತು, ಯಾರ್ಯಾರೋ ಭಾವೀ ದಂಪತಿಗಳ ಭಾರ ಹೊರುವ ಚಿತ್ರ ಕಣ್ಣಮುಂದೆ ಬಂದು ಎರಡು ದಿನ ಊಟ ಸೇರಲಿಲ್ಲ. ಎರಡನೆಯ ದಿನ ಮಾಡಿದ್ದು ಉಪ್ಪಿಟ್ಟಾದ್ದರಿಂದ ಅದನ್ನು ಪೂರ್ತಿ ಕಾರಿನ ಲೆಕ್ಕಕ್ಕೆ ಹಾಕಲಾರೆ.

ಕಡೂರಿನ ಮೆಕ್ಯಾನಿಕ್ಕು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒಮ್ಮೆ ಒತ್ತಿಬಿಟ್ಟ. ಕಾರು ಹೌದು, ಹೌದು, ಹೌದು ಎಂದು ತಲೆಯಾಡಿಸತೊಡಗಿತು. ಅವನು ಬೀಡಿ ಹಚ್ಚಿ, ಎರಡು ದಮ್ಮು ಎಳೆದ ಮೇಲೂ ಅದು ಒಪ್ಪಿಗೆ ಸೂಚಿಸುತ್ತಲೇ ಇತ್ತು. “ಮುಂದಿನ ಎರಡೂ ಸ್ಟ್ರಟ್ ಹೋಗಿದಾವೆ ಸಾರ್” ಎಂದ. ತಿಳಿಯದವರಿಗಾಗಿ ಹೇಳುತ್ತೇನೆ. ಸ್ಟ್ರಟ್ ಎಂದರೆ ಕಾರಿನ ಮುಂಗಾಲು. ನಡುವೆ ಎಣ್ಣೆ ತುಂಬಿದ ಒಂದು ಕೊಳವೆ, ಅದರ ಸುತ್ತ ತೋಳುಗಾತ್ರದ ಸ್ಪ್ರಿಂಗು. ಗುಂಡಿ ಬಂದಾಗ ಸ್ಪ್ರಿಂಗು ಕುಣಿಯುತ್ತದೆ. ಕೊಳವೆ ಅದಕ್ಕೆ ‘ಸಾಕು, ಸುಮ್ನಿರು’ ಎನ್ನುತ್ತದೆ. ನಮ್ಮ ಕಾರಿನ ಕೊಳವೆಗಳು ಎಣ್ಣೆಯನ್ನೆಲ್ಲ ಸೋರಿಸಿಕೊಂಡು, ವಯಸ್ಸಾದ ಹೆಡ್‌ಮಾಸ್ತರರಂತೆ, ಬುದ್ಧಿ ಹೇಳುವುದನ್ನು ಬಿಟ್ಟುಬಿಟ್ಟಿದ್ದವು. ಬದಲಾಯಿಸಿಕೊಡಪ್ಪ ಎಂದರೆ ಮೆಕ್ಯಾನಿಕ್ಕು ಕೈಮುಗಿದ. “ಈ ಥರ ಗಾಡಿಗೆ ನಾನು ಕೈ ಹಾಕಲ್ಲ ಸಾರ್. ಮುಟ್ಟಿದ್ದೇ ಒಂದು, ಕಿತ್ಕೊಂಡಿದ್ದೇ ಒಂದು ಆಗುತ್ತೆ.” ಹೀಗೆ ಆ ಪವಿತ್ರ ಕಾರ್ಯ ನನ್ನ ಪಾಲಿಗೆ ಬಂತು. ಫೋನಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದ ಒಬ್ಬ ಕೈಗವಸು ಹಾಕಿಕೊಂಡು, ಸಿಳ್ಳೆ ಹಾಕುತ್ತಾ, ಹನ್ನೆರಡು ನಿಮಿಷದಲ್ಲಿ ಮುಗಿಸಿದ. ಅವನ ಬೋಲ್ಟುಗಳಿಗೆ ಕಡೂರಿನ ಧೂಳಿನ ಪರಿಚಯವಿರಲಿಲ್ಲವೆಂಬುದನ್ನು ನಾನು ಆಗ ಗಮನಿಸಲಿಲ್ಲ.

ಹೊಸ ಸ್ಟ್ರಟ್ಟುಗಳು ಪಾರ್ಸೆಲ್ಲಿನಲ್ಲಿ ಬಂದವು. ಒಂದು ಎಡಗಡೆಯದು, ಒಂದು ಬಲಗಡೆಯದು. ನೋಡಲು ಅವಳಿ ಮಕ್ಕಳು. ಒಂದೊಂದರ ಮೈಮೇಲೂ ಬ್ರೇಕಿನ ಎಣ್ಣೆಯ ಪೈಪನ್ನು ಸಿಕ್ಕಿಸಲು ಒಂದು ಪುಟ್ಟ ಕಬ್ಬಿಣದ ಕಿವಿ. ಆ ಕಿವಿ ತಿರುಗಿರುವ ದಿಕ್ಕಷ್ಟೇ ಬೇರೆ. ಗುರುತಿಗೆಂದು ಕಳಿಸಿದವರು ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿದ್ದರು. ನಾನು ಅವನ್ನು ಪೆಟ್ಟಿಗೆಯಿಂದ ತೆಗೆದು ಪಡಸಾಲೆಯಲ್ಲಿಟ್ಟು, ಸಹಾಯಕ್ಕೊಬ್ಬನನ್ನು ಕರೆಯಲು ಪಂಚನಹಳ್ಳಿಗೆ ಫೋನು ಮಾಡಿ ಬರುವಷ್ಟರಲ್ಲಿ ಅವು ಅಲ್ಲಿರಲಿಲ್ಲ. ಬಚ್ಚಲಲ್ಲಿದ್ದವು. ಹೊಸ ಸಾಮಾನು ಯಾವುದೇ ಆಗಲಿ, ತೊಳೆಯದೆ ಉಪಯೋಗಿಸುವುದು ನಮ್ಮ ಮನೆಯಲ್ಲಿ ಇಲ್ಲ. ಮಂಗಳಾ ಹೊಸ ಸ್ಟೀಲ್ ಪಾತ್ರೆಗೆ ಮಾಡುವಂತೆಯೇ ಸ್ಟಿಕ್ಕರುಗಳಿಗೆ ಕೊಬ್ಬರಿಎಣ್ಣೆ ಸವರಿ, ಹತ್ತು ನಿಮಿಷ ನೆನೆಸಿ, ಉಗುರಿನಲ್ಲಿ ಕಿತ್ತು, ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಒಂದೊಂದಕ್ಕೂ ಮೂರು ಬೆರಳು ವಿಭೂತಿ ಎಳೆದು, ಅಂತರಘಟ್ಟಮ್ಮನ ಪಟದ ಕೆಳಗೆ ಎರಡು ಬದಿಗೆ ನಿಲ್ಲಿಸಿದ್ದಳು. ಇಬ್ಬರು ದ್ವಾರಪಾಲಕರ ಹಾಗೆ ಕಾಣುತ್ತಿದ್ದವು.

“ಸ್ಟಿಕ್ಕರ್ ಎಲ್ಲೇ?” ಎಂದೆ.

“ತೆಗ್ದೆ. ಚೂರೂ ಕಲೆ ಉಳಿದಿಲ್ಲ ನೋಡಿ.”

“ಅದರಲ್ಲೇ ಕಣೇ ಎಡ ಯಾವ್ದು ಬಲ ಯಾವ್ದು ಅಂತ ಬರ್ದಿದ್ದಿದ್ದು!”

ಮಂಗಳಾ ಬಹಳ ಸಮಾಧಾನದಿಂದ, “ಅಷ್ಟಕ್ಕೆ ಯಾಕ್ ಹಂಗೆ ಬಿಳಿಚ್ಕೋತೀರಿ? ಅಮ್ಮನ್ನ ಹೂ ಕೇಳಣ” ಎಂದು ಪಟದ ನೆತ್ತಿಗೆ ಒಂದು ಒದ್ದೆ ಸೇವಂತಿಗೆ ಸಿಕ್ಕಿಸಿ, ಬಲಗಡೆಗೆ ಸೇರಬೇಕಾದ್ದು ಯಾವುದೋ ಅದರ ಕಡೆ ಬೀಳಿಸು ತಾಯಿ ಎಂದು ಕೈಮುಗಿದು ನಿಂತಳು. ವಿಜ್ಞಾನದ ಮೇಷ್ಟ್ರಾದ ನಾನು ಇದನ್ನು ಖಂಡಿಸಬೇಕಿತ್ತು. ಖಂಡಿಸುವ ಬದಲು ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತೆ. ಹೂವು ಬಿತ್ತು, ಕಿಟಕಿಯ ಕಡೆಯ ಸ್ಟ್ರಟ್ಟಿನ ಪಾದಕ್ಕೇ ಬಿತ್ತು. ನಾನು ಪೆನ್ಸಿಲ್ ತಂದು ಅದರ ಮೇಲೆ ‘ಬಲ’ ಎಂದು ಬರೆದೆ.

ಪಂಚನಹಳ್ಳಿಯಿಂದ ಬಂದವನು ನಂಜುಂಡಿ. ಬೋರ್‌ವೆಲ್ಲಿನೊಳಗಿಂದ ಕೆಟ್ಟ ಮೋಟರು ಎತ್ತುವುದು ಅವನ ಕಸುಬು. ಮೂರು ಉದ್ದನೆಯ ಕಬ್ಬಿಣದ ಕಾಲು ನಿಲ್ಲಿಸಿ, ನಡುವೆ ಸರಪಳಿಯ ರಾಟೆ ತೂಗುಹಾಕಿದರೆ ಅವನು ಭೂಮಿಯ ಹೊಟ್ಟೆಯಿಂದ ಏನನ್ನು ಬೇಕಾದರೂ ಎತ್ತುತ್ತಾನೆ, ಕಾರಿನ ಮೂತಿ ಯಾವ ಲೆಕ್ಕ. ಸೋಮವಾರ ಅವನು ಬೋರಿನ ಕೆಲಸ ಮಾಡುವುದಿಲ್ಲ. ಎತ್ತಿಗೆ ನೊಗ ಹೂಡದ ದಿನ ಮೋಟರಿಗೂ ಕೈ ಹಾಕಬಾರದೆಂದು ಅವನ ತಂದೆ ನಡೆಸಿಕೊಂಡು ಬಂದ ನೇಮ. “ಕಾರಿಗೇನು ನೇಮ ಇಲ್ಲ ಸಾ, ನಮ್ಮಪ್ಪನ ಕಾಲದಲ್ಲಿ ಕಾರೇ ಇರ್ಲಿಲ್ಲ” ಎಂದು ಸೋಮವಾರವೇ ಬಂದ. ಅವನು ನನ್ನ ಹಳೆಯ ಶಿಷ್ಯ. ಒಂದು ಪರೀಕ್ಷೆಯಲ್ಲಿ ‘ಒತ್ತಿ ಹಿಡಿದ ಸ್ಪ್ರಿಂಗನ್ನು ಥಟ್ಟನೆ ಬಿಟ್ಟರೆ ಏನಾಗುತ್ತದೆ?’ ಎಂದು ಕೇಳಿದ್ದೆ. ಎಲ್ಲರೂ ಶಕ್ತಿಯ ರೂಪಾಂತರದ ಬಗ್ಗೆ ನಾಲ್ಕು ಸಾಲು ಬರೆದರೆ ನಂಜುಂಡಿ ‘ಮೇಷ್ಟ್ರು ಹೆದರುತ್ತಾರೆ’ ಎಂದು ಎರಡೇ ಪದ ಬರೆದಿದ್ದ. ಹಿಂದಿನ ವಾರವಷ್ಟೇ ಅವನ ಬಾಲ್‌ಪೆನ್ನಿನ ಸ್ಪ್ರಿಂಗು ಹಿಂದಿನ ಬೆಂಚಿನಿಂದ ಹಾರಿ ನನ್ನ ಕನ್ನಡಕಕ್ಕೆ ತಾಗಿತ್ತು. ಅವನು ಪ್ರಯೋಗದಿಂದ ಕಂಡುಕೊಂಡದ್ದನ್ನೇ ಬರೆದಿದ್ದ. ನಾನು ಉದ್ಧಟತನಕ್ಕೆಂದು ಸೊನ್ನೆ ಕೊಟ್ಟಿದ್ದೆ.

ಅವತ್ತು ಬೆಳಿಗ್ಗೆ ಕಾರಿನ ಮೂತಿ ಆಕಾಶಕ್ಕೆ ಎದ್ದಿತು. ಕೆಳಗೆ ತೆಂಗಿನ ದಿಮ್ಮಿಗಳನ್ನು ಕೊಟ್ಟೆವು. ಚಕ್ರ ಬಿಚ್ಚಿದೆವು. ಆಮೇಲೆ ಬೋಲ್ಟುಗಳ ಸರದಿ. ವಿಡಿಯೋದಲ್ಲಿ ಸಿಳ್ಳೆ ಹಾಕುತ್ತಾ ಬಂದ ಬೋಲ್ಟು ನಮ್ಮಲ್ಲಿ ಸೀಮೆಎಣ್ಣೆ ಕುಡಿದರೂ ಬರಲಿಲ್ಲ, ಸುತ್ತಿಗೆ ತಿಂದರೂ ಬರಲಿಲ್ಲ. ನಂಜುಂಡಿ ಬೋಲ್ಟು ತಿರುಗಿಸುವ ಪಾನದ ಹಿಡಿಗೆ ಬೋರಿನ ಆರಡಿ ಪೈಪು ತೂರಿಸಿ ಜೋತುಬಿದ್ದಾಗ, ಆನೆ ಮಲಗಿ ಎದ್ದಂಥ ಒಂದು ಶಬ್ದ ಮಾಡಿ ತಿರುಗಿತು. ಸನ್ನೆಯ ತೋಳು ಉದ್ದವಾದಷ್ಟೂ ಬಲ ಹೆಚ್ಚು ಎಂದು ನಾನು ವಿವರಿಸಿದೆ. “ಹೂಂ ಸಾ, ಆ ಕಡೆಯಿಂದ ಸ್ವಲ್ಪ ಪಕ್ಕಕ್ಕೆ ಬನ್ನಿ, ಕಾಲ್ ಮೇಲೆ ಬೀಳುತ್ತೆ” ಎಂದ. ಎರಡೂ ಹಳೇ ಮುಂಗಾಲು ಹೊರಬಂದವು. ಎಣ್ಣೆ, ಧೂಳು ಸೇರಿ ಇಪ್ಪತ್ತು ವರ್ಷದ ಹೆಂಟೆ ಕಟ್ಟಿಕೊಂಡಿದ್ದ ಅವುಗಳಲ್ಲಿ ಕಿವಿ ಯಾವುದು ಮೂಗು ಯಾವುದು ತಿಳಿಯುವಂತಿರಲಿಲ್ಲ. ಅವೆರಡನ್ನೂ ಒಟ್ಟಿಗೆ ಒಂದು ಗೋಣಿಯ ಮೇಲೆ ಹಾಕಿದೆವು. ಯಾವುದು ಯಾವ ಕಡೆಯದೆಂದು ಗುರುತಿಟ್ಟುಕೊಳ್ಳಬೇಕಿತ್ತು ಎಂದು ನಿಮಗೆ ಈಗ ಅನ್ನಿಸುತ್ತಿದೆ. ನನಗೂ ಈಗ ಅನ್ನಿಸುತ್ತಿದೆ.

ಹಳೇ ಸ್ಪ್ರಿಂಗನ್ನೇ ಬಿಚ್ಚಿ ಹೊಸ ಕೊಳವೆಗೆ ಹಾಕಬೇಕಿತ್ತು. ಅದಕ್ಕೆ ಮೊದಲು ಸ್ಪ್ರಿಂಗನ್ನು ಒತ್ತಿ ಹಿಡಿಯಬೇಕು. ನಂಜುಂಡಿ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಉದ್ದನೆಯ ಬೋಲ್ಟಿಗೆ ಕೊಕ್ಕೆ ಹಾಕಿಸಿಕೊಂಡು ಬಂದಿದ್ದ. ಸ್ಪ್ರಿಂಗಿನ ಎರಡು ಮಗ್ಗುಲಿಗೆ ಅವನ್ನು ಸಿಕ್ಕಿಸಿ ಬಿಗಿಯುತ್ತಾ ಹೋದಂತೆ ಸ್ಪ್ರಿಂಗು ಹಲ್ಲುಕಚ್ಚಿಕೊಂಡು ಕುಗ್ಗಿತು. ಇಷ್ಟಾದ ಮೇಲೆ ಅವನು ಒಂದು ನೈಲಾನ್ ಹಗ್ಗ ತಂದು ಸ್ಪ್ರಿಂಗಿಗೆ ಎರಡು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಕಬ್ಬಿಣದ ಕಾಲಿಗೆ ಕಟ್ಟಿದ.

“ಇದೇನೋ ನಂಜುಂಡಿ, ಹಸೂಗೆ ಕಟ್ಟಿದ ಹಾಗೆ?” ಎಂದೆ.

“ಬೋರಲ್ಲಿ ನಾವು ಕಟ್ಟದೆ ಏನೂ ಬಿಚ್ಚಲ್ಲ ಸಾ. ಕೈ ಬಿಟ್ರೆ ಆರ್ನೂರಡಿ ಹೋಗುತ್ತೆ.”

“ಇಲ್ಲಿ ಕೆಳಗೆ ಸಿಮೆಂಟ್ ನೆಲ ಇದೆಯಲ್ಲಪ್ಪಾ. ಎಲ್ಲಿಗೆ ಹೋಗುತ್ತೆ?”

“ಕೆಳಕ್ಕಲ್ಲ ಸಾ” ಎಂದು ಅವನು ಒಮ್ಮೆ ತಗಡಿನ ಕಡೆ ನೋಡಿದ.

ನಾನು ನಕ್ಕೆ. ನಕ್ಕ ಬಾಯಿ ಮುಚ್ಚುವ ಮೊದಲೇ ಒಂದು ಕೊಕ್ಕೆ ಜಾರಿತು. ಆಮೇಲೆ ಆದದ್ದನ್ನು ಶಬ್ದದ ಮೂಲಕ ಮಾತ್ರ ಹೇಳಬಲ್ಲೆ, ಏಕೆಂದರೆ ಕಣ್ಣು ಮುಚ್ಚಿಕೊಂಡಿದ್ದೆ. ಮೊದಲು ‘ಟಣ್’, ಆಮೇಲೆ ಮೇಲೆಲ್ಲೋ ‘ಧಡಾರ್’, ಆಮೇಲೆ ಬೀದಿನಾಯಿಗಳು. ಕಣ್ಣು ತೆರೆದಾಗ ಸ್ಪ್ರಿಂಗು ತಗಡಿಗೆ ಒಂದು ಗುಬುಟು ಎಬ್ಬಿಸಿ, ಹಗ್ಗದಲ್ಲಿ ನೇತಾಡುತ್ತಾ, ನನ್ನ ಮೂಗಿನ ಮುಂದೆ ನಾಲ್ಕು ಬೆರಳು ದೂರದಲ್ಲಿ ಅತ್ತಿಂದಿತ್ತ ತೂಗುತ್ತಿತ್ತು. ಹಗ್ಗ ಇಲ್ಲದಿದ್ದರೆ ಈ ಪ್ರಬಂಧವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು, ಮತ್ತು ಅದರಲ್ಲಿ ಹಾಸ್ಯ ಕಡಿಮೆ ಇರುತ್ತಿತ್ತು. ಒಳಗೆ ಮಂಗಳಾಳ ಹೊಲಿಗೆಯಂತ್ರ ಒಂದು ಕ್ಷಣವೂ ನಿಲ್ಲಲಿಲ್ಲ. “ಏನ್ ಬಿತ್ರೀ?” ಎಂದು ಕೂಗಿದಳು. “ಏನೂ ಬೀಳ್ಲಿಲ್ಲ” ಎಂದೆ. ಮೇಷ್ಟ್ರು ಸುಳ್ಳು ಹೇಳಬಾರದು. ಬಿದ್ದಿರಲಿಲ್ಲ, ಎದ್ದಿತ್ತು. ನಂಜುಂಡಿ ಹಗ್ಗ ಬಿಚ್ಚುತ್ತಾ, ಬಹಳ ಮರ್ಯಾದೆಯಿಂದ, “ಸಾ, ಅವತ್ತಿನ ಉತ್ತರಕ್ಕೆ ಈಗ್ಲಾದ್ರೂ ಮಾರ್ಕ್ ಕೊಡ್ತೀರಾ?” ಎಂದ. ಅಲ್ಲೇ ಪೂರ್ತಿ ಅಂಕ ಕೊಟ್ಟೆ.

ಅದಾದ ಮೇಲೆ ನಾಲ್ಕು ಕೊಕ್ಕೆ ಹಾಕಿ, ಎರಡು ಹಗ್ಗ ಕಟ್ಟಿ, ನಾನು ತುಳಸಿಕಟ್ಟೆಯ ಹಿಂದೆ ನಿಂತು ಮಾರ್ಗದರ್ಶನ ಮಾಡಿ, ಸಂಜೆಯ ಹೊತ್ತಿಗೆ ಎರಡೂ ಮುಂಗಾಲು ಸಿದ್ಧವಾದವು. ಪೆನ್ಸಿಲಿನಲ್ಲಿ ‘ಬಲ’ ಎಂದು ಬರೆದದ್ದನ್ನು ನಾನೇ ಎತ್ತಿ ಬಲಗಡೆ ಕೊಟ್ಟೆ. ನಂಜುಂಡಿ ಅದನ್ನು ಕೈಯಲ್ಲಿ ಹಿಡಿದು ಒಂದು ಸಲ ನನ್ನ ಮುಖ ನೋಡಿದ. ಕೂರಿಸಿ ಬಿಗಿದ. ಬ್ರೇಕಿನ ಪೈಪು ಮಾತ್ರ ಕಿವಿಯವರೆಗೆ ಬರಲು ಒಪ್ಪಲಿಲ್ಲ. ಎಳೆದು, ತಿರುಚಿ, ಬೈದು ಸಿಕ್ಕಿಸಬೇಕಾಯಿತು. ಸ್ಟಿಯರಿಂಗ್ ತಿರುಗಿಸಿದರೆ ಪೈಪು ತಂಬೂರಿಯ ತಂತಿಯ ಹಾಗೆ ಬಿಗಿಯಾಯಿತು. “ಹೊಸದಲ್ವೇ, ಸ್ವಲ್ಪ ಬಿಗಿ ಇರುತ್ತೆ” ಎಂದು ನಾನು ಗಾಂಭೀರ್ಯದಿಂದ ಹೇಳಿದೆ. ಗಾಂಭೀರ್ಯ ನನಗೆ ಮೊದಲಿಂದಲೂ ಗೊತ್ತಿಲ್ಲದ ವಿಷಯಗಳಲ್ಲೇ ಹೆಚ್ಚು ಬರುತ್ತದೆ.

ಅಷ್ಟರಲ್ಲಿ ಮಂಗಳಾ ಕಾಫಿ ತಂದಳು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಲೋಟ ಕೊಟ್ಟು ಸುಮ್ಮನೆ ಹೋಗಬಹುದಿತ್ತು. ಬಗ್ಗಿ ಒಂದು ಗಾಲಿಯ ಸಂದಿಗೆ ಇಣುಕಿದಳು. ಆ ಕಡೆ ಹೋಗಿ ಇನ್ನೊಂದು ಸಂದಿಗೆ ಇಣುಕಿದಳು.

“ಇದೇನ್ರೀ, ತೋಳು ಅದಲುಬದಲು ಮಾಡಿದೀರಿ?”

“ಯಾವ ತೋಳೇ?”

“ರವಿಕೆಗೆ ಎಡಗೈ ತೋಳು ತಗೊಂಡ್ಹೋಗಿ ಬಲಗೈಗೆ ಕೂರ್ಸುದ್ರೆ ಹಿಂಗೇ ಕಣ್ರೀ ಜಗ್ಗೋದು. ನೋಡಿ, ಈ ಕಿವಿ ಹಿಂದಕ್ಕೆ ಮುಖ ಮಾಡಿದೆ, ಪೈಪು ಮುಂದಗಡೆಯಿಂದ ಬರ್ತಿದೆ. ಕೈ ಎತ್ತಿದ್ ತಕ್ಷಣ ಕಂಕುಳಲ್ಲಿ ಹರ್ದೋಗುತ್ತೆ.”

ಕಂಕುಳಲ್ಲಿ ರವಿಕೆ ಹರಿದರೆ ಸೆರಗು ಹೊದೆಯಬಹುದು. ರಸ್ತೆಯಲ್ಲಿ ಬ್ರೇಕಿನ ಪೈಪು ಹರಿದರೆ ಹೊದೆಯಲು ಏನೂ ಇರುವುದಿಲ್ಲ. ಆದರೂ ಮೇಷ್ಟ್ರತನ ಬಿಡಲಿಲ್ಲ. “ಹೂ ಕೇಳಿ ಬಲ ಅಂತ ಗೊತ್ತುಮಾಡಿದ್ದು ನೀನೇ ಅಲ್ವೇನೇ? ಅದನ್ನೇ ಬಲಗಡೆ ಹಾಕಿದೀನಿ!” ಎಂದೆ.

“ಬಲಗಡೆ ಯಾವ್ದು, ತೋರ್ಸಿ?”

ತೋರಿಸಿದೆ. ಕಾರಿನ ಎದುರಿಗೆ, ಅದರ ಮುಖಕ್ಕೆ ಮುಖ ಕೊಟ್ಟು ನಿಂತು, ನನ್ನ ಬಲಗೈ ಚಾಚಿದೆ. ಆಯುಧಪೂಜೆಯಲ್ಲಿ ಗಾಡಿಗೆ ಮಂಗಳಾರತಿ ಎತ್ತುವಾಗ ಎಲ್ಲರೂ ನಿಲ್ಲುವ ಜಾಗ ಅದು. ದೇವರಿಗಾಗಲಿ ಗಾಡಿಗಾಗಲಿ ನಾವು ಎದುರಿಗೇ ನಿಲ್ಲುವ ಜನ. ಬೆನ್ನ ಹಿಂದೆ ನಿಂತು ಯಾರೂ ಪೂಜೆ ಮಾಡುವುದಿಲ್ಲ. ಸ್ಟಿಯರಿಂಗ್ ಇರುವುದು ಬಲಕ್ಕೆ, ಅದೀಗ ನನ್ನ ಎಡಗೈಯ ಕಡೆ ಇದೆ, ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಕೈ ಚಾಚಿದ ಮೇಲೆ. ಅದನ್ನು ಇಳಿಸಲು ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಎದುರಾಗಿ ನಿಂತು ‘ಎಲ್ಲರೂ ಬಲಗೈ ಎತ್ತಿ’ ಎಂದು ಅವರಿಗೆ ಗೊಂದಲವಾಗದಿರಲೆಂದು ನಾನು ಎಡಗೈ ಎತ್ತಿದವನು.

“ಅಮ್ಮ ಸರಿಯಾಗೇ ಹೇಳಿದ್ಳು” ಎಂದು ಮಂಗಳಾ ಕಾಫಿ ಲೋಟ ತಗೊಂಡಳು. “ನೀವ್ ನಿಂತಿದ್ದು ತಪ್ಪು.”

ನಾನು ಆಸರೆಗಾಗಿ ನಂಜುಂಡಿಯ ಕಡೆ ತಿರುಗಿದೆ. ಅವನು ತಲೆ ಕೆರೆದುಕೊಂಡು, “ನಂಗೂ ಆಗ್ಲೇ ಅನ್ನಿಸ್ತು ಸಾ” ಎಂದ.

“ಅನ್ನಿಸಿದ್ರೆ ಯಾಕೋ ಹೇಳ್ಲಿಲ್ಲ, ಬಡ್ಡೀಮಗನೇ?”

“ನೀವು ಮೇಷ್ಟ್ರಲ್ವಾ ಸಾ. ಗೊತ್ತಿದ್ದೇ ಕೊಟ್ಟಿರ್ತೀರಿ ಅಂದ್ಕೊಂಡೆ.”

ಹಾರಿದ ಸ್ಪ್ರಿಂಗು ತಾಗಿದ್ದು ತಗಡಿಗೆ. ಈ ಮಾತು ನನಗೇ ತಾಗಿತು. ನನ್ನ ಕೈಕೆಳಗೆ ಕಲಿತು ಹೋದ ಅಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಹೀಗೆ ಗೊತ್ತಿದ್ದೂ ಸುಮ್ಮನಿದ್ದರೋ, ನಾನು ಬೋರ್ಡಿನ ಮೇಲೆ ಏನೇನು ತಿರುಗಾಮುರುಗಾ ಬರೆದು ಒಪ್ಪಿಸಿದ್ದೇನೋ. ಇದನ್ನು ಹೆಚ್ಚು ಯೋಚಿಸುವುದು ಪಿಂಚಣಿದಾರನ ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಂದಿನ ಸೋಮವಾರ ಮತ್ತೆ ಕಾರಿನ ಮೂತಿ ಎದ್ದಿತು. ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದೆವು. ಈ ಸಲ ಮಂಗಳಾ ಕುರ್ಚಿ ಹಾಕಿಕೊಂಡು ಕೂತು, ರವಿಕೆಗೆ ಗುಂಡಿ ಹೊಲಿಯುತ್ತಾ, “ಅದು ಆ ಕಡೆ, ಇದು ಈ ಕಡೆ” ಎಂದಳು. ಎರಡು ಗಂಟೆಯಲ್ಲಿ ಮುಗಿಯಿತು. ನಾನು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒತ್ತಿಬಿಟ್ಟೆ. ಕಾರು ಒಂದೇ ಸಲ ಎದ್ದು, ಗಪ್ಪನೆ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಬೋಲ್ಟಿಗೆ ಹೊಡೆದ ಎಣ್ಣೆಯದೂ ಇರಬಹುದು.

ಗೃಹಪ್ರವೇಶದ ಬೆಳಿಗ್ಗೆ ನಾನು ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ಕಾರಿನ ಬೀಗದಕೈ ತಿರುಗಿಸುತ್ತಾ ಹೊರಗೆ ಬಂದೆ. ಮಂಗಳಾ ಆಗಲೇ ಕೂತಿದ್ದಳು. ಮಡಿಲಲ್ಲಿ ಕಂಠದವರೆಗೆ ತುಂಬಿದ ಮೊಸರಿನ ಚೊಂಬು, ಮೇಲೆ ಬಾಳೆಎಲೆ. ನನ್ನ ಸೀಟಿನಲ್ಲಿ ನಂಜುಂಡಿ ಕೂತಿದ್ದ. ಅವನೂ ಬಿಳಿ ಪಂಚೆ ಉಟ್ಟಿದ್ದ. ತೊಡೆಯ ಮೇಲೆ ಪಾನ ಇತ್ತು.

“ಇಪ್ಪತ್ ಕಿಲೋಮೀಟ್ರು ಓಡಿದ್ಮೇಲೆ ಬೋಲ್ಟೆಲ್ಲ ಇನ್ನೊಂದ್ಸಲ ಬಿಗೀಬೇಕು ಸಾ. ದಾರೀಲಿ ಏನಾರ ಸದ್ದು ಬಂದ್ರೆ ನಂಗೇ ಕೇಳಿಸ್ಬೇಕು, ಅದ್ಕೆ ಸ್ಟಿಯರಿಂಗ್ ನಾನೇ ಹಿಡ್ಕೋತೀನಿ” ಎಂದ, ತಪ್ಪು ಮಾಡಿದವನ ಹಾಗೆ.

“ಮತ್ತೆ ನಾನು?” ಎಂದೆ.

ಮಂಗಳಾ ಲೆಕ್ಕ ಹೇಳಿದಳು. “ಇರೋದು ಎರಡು ಸೀಟು. ಮೊಸರು ಹಿಡ್ಕೊಳ್ಳೋರು ಒಬ್ರು ಬೇಕು. ಬೋಲ್ಟ್ ಬಿಗಿಯೋರು ಒಬ್ರು ಬೇಕು. ಇನ್ನೇನ್ ಮಾಡಣ ಹೇಳಿ?” ಇದರಲ್ಲಿ ತಪ್ಪು ಹುಡುಕಲು ನಾನು ಮನಸ್ಸಿನಲ್ಲೇ ಎರಡು ಸಲ ಪ್ರಯತ್ನಿಸಿದೆ. ಇರಲಿಲ್ಲ. ಅವಳು ಬಾಗಿಲ ಪಕ್ಕದಿಂದ ಇನ್ನೊಂದು ಚೊಂಬು ಎತ್ತಿ ನನ್ನ ಕೈಗೆ ಕೊಟ್ಟಳು. ಅದರಲ್ಲೂ ಕಂಠದವರೆಗೆ ಮೊಸರು, ಮೇಲೊಂದು ಬಾಳೆಎಲೆ. “ಯಾವ್ದಕ್ಕೂ ಇರ್ಲಿ, ಇದು ನಿಮ್ಮ ಹತ್ರ. ಎಂಟೂವರೆಗೆ ಬಸ್ಸಿದೆ, ಬಂದ್ಬಿಡಿ.” ಕೆಂಪು ಕಾರು ಹೊರಟಿತು. ನಮ್ಮ ಬೀದಿಯ ಕೊನೆಯ ಚರಂಡಿಯ ಮೇಲೆ, ಯಾವತ್ತೂ ಮೂರು ಸಲ ಕುಪ್ಪಳಿಸುತ್ತಿದ್ದ ಜಾಗದಲ್ಲಿ, ನೀರಿನ ಮೇಲೆ ಹಂಸ ಹೋದ ಹಾಗೆ ಹೋಯಿತು. ನಾನು ಚೊಂಬು ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು. ಬೀರೂರು ದಾಟಿದ ಮೇಲಿನ ಅದೇ ಹಂಪಿನ ಮೇಲೆ ಬಸ್ಸು ಎದ್ದು ಬಿದ್ದಾಗ ಪಕ್ಕದವರ ತೆಂಗಿನಕಾಯಿ ಚೀಲ ನನ್ನ ಮಡಿಲಿಗೂ, ನನ್ನ ಕನ್ನಡಕ ಮುಂದಿನ ಸೀಟಿಗೂ ಹೋದವು. ಕಂಡಕ್ಟರು ಟಿಕೆಟ್ಟು ಹರಿಯುತ್ತಾ, “ಏನ್ ಮೇಷ್ಟ್ರೇ, ಕಾರು ತಗೊಂಡ್ರಿ ಅಂದ್ರು?” ಎಂದ. ತಗೊಂಡಿದ್ದೇನೆ, ಈಗ ಮುಂದೆ ಹೋಗುತ್ತಿದೆ, ಎಂದೆ. ಅವನು ಪಾಪ ಎಂಬಂತೆ ನೋಡಿ ಮುಂದೆ ಹೋದ.

ಅಜ್ಜಂಪುರದಲ್ಲಿ ಗೌರಮ್ಮನ ಹೊಸ ಮನೆಯ ಮುಂದೆ ನನ್ನ ಕಾರು ಮಾವಿನ ತೋರಣದ ಕೆಳಗೆ ನಿಂತಿತ್ತು. ನಂಜುಂಡಿ ಅದರ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. ಪಂಚೆ ಮಾತ್ರ ಕಾಣುತ್ತಿತ್ತು. ಒಳಗೆ ಹಾಲು ಉಕ್ಕಿಸಿ ಆಗಿತ್ತು. ಹೆಂಗಸರೆಲ್ಲ ಅಡುಗೆಮನೆಯಲ್ಲಿ ಒಂದು ಚೊಂಬಿನ ಸುತ್ತ ನಿಂತಿದ್ದರು. ಮಂಗಳಾ ಬಾಳೆಎಲೆ ಎತ್ತಿ ತೋರಿಸುತ್ತಿದ್ದಳು. ಮೊಸರು ಕಂಠದವರೆಗೆ ಹಾಗೇ ಇತ್ತು. ಕೆನೆ ಕೂಡ ಒಡೆದಿರಲಿಲ್ಲ. ಅವಳು ಅದರಿಂದ ಒಂದು ಚಮಚ ತೆಗೆದು, ತಾಯಿಯ ಹೆಸರು ಹೇಳಿಕೊಂಡು, ಉಗುರುಬೆಚ್ಚಗಿನ ಹಾಲಿಗೆ ಬಿಟ್ಟಳು. ಗೌರಮ್ಮ ಕಣ್ಣೊರೆಸಿಕೊಂಡರು. ಮಂಗಳಾ ನನ್ನ ಕಡೆ ತಿರುಗಿ, “ಗಾಡಿ ಇರ್ಲಿ ಬಿಡ್ರೀ” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಚೊಂಬು ತಗೊಂಡು, ಅದರ ಬಾಳೆಎಲೆಯನ್ನೂ ಎತ್ತಿ, ಪಕ್ಕದಲ್ಲಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ.

ಬಸ್ಸಿನಲ್ಲಿ ಬಂದ ಮೊಸರೂ ಚೆಲ್ಲಿರಲಿಲ್ಲ.